ನಗರಸಭೆಗೆ ಯಾರು ವೋಟು ಹಾಕಬಹುದು? ಮನೆ ಮನೆಗೆ ಹೋಗುವ ಟೀಚರ್ ಹೇಳುವುದು

ಬಾಗಿಲು ತೆಗೆದವರು ನನ್ನ ಕೈಲಿರುವ ಪಟ್ಟಿ ನೋಡುತ್ತಾರೆ. ಆಮೇಲೆ ಬಹಳ ಸಲ ಬರುವ ಮಾತು ಒಂದೇ: "ನಾವು ಬಾಡಿಗೆಯವರು ಟೀಚರ್. ಓನರ್ ಮೇಲಿದ್ದಾರೆ, ಅವರನ್ನೇ ಕೇಳಿ."

ನಾನು ಬಂದಿರುವುದು ಬಾಡಿಗೆಯವರನ್ನು ಕೇಳುವುದಕ್ಕೇ.

ನಾನು ಸರ್ಕಾರಿ ಪ್ರಾಥಮಿಕ ಶಾಲೆಯಲ್ಲಿ ಪಾಠ ಮಾಡುತ್ತೇನೆ. 2014ರಿಂದ ಬಿಎಲ್‌ಒ ಕೆಲಸವೂ ಇದೆ. ಬಿಎಲ್‌ಒ ಅಂದರೆ ಮತಗಟ್ಟೆ ಮಟ್ಟದ ಅಧಿಕಾರಿ. ಒಂದು ಮತಗಟ್ಟೆಗೆ ಸೇರಿದ ಮನೆಗಳ ವೋಟರ್ ಲಿಸ್ಟ್ ಸರಿಯಾಗಿದೆಯಾ ಎಂದು ನೋಡಿಕೊಳ್ಳುವವರು. ನಮ್ಮದು 31 ವಾರ್ಡ್‌ಗಳ ನಗರಸಭೆ. ನನ್ನ ಪಾಲಿಗೆ ಬಂದ ಬೀದಿಗಳಲ್ಲಿ ಹಳೇ ಹೆಂಚಿನ ಮನೆಗಳಿವೆ, ಮೂರು ಅಂತಸ್ತಿನ ಬಾಡಿಗೆ ಕಟ್ಟಡಗಳಿವೆ, ಒಂದು ಹೆಣ್ಣುಮಕ್ಕಳ ಹಾಸ್ಟೆಲ್ ಇದೆ. ಬಸ್ ಸ್ಟ್ಯಾಂಡಿನ ಹಿಂಭಾಗವೂ ನನಗೇ ಸೇರಿದ್ದು.

ವಿಧಾನಸಭೆ ಚುನಾವಣೆ ಬಂದರೆ ತಮಗೆ ವೋಟು ಇದೆ ಎಂಬುದರಲ್ಲಿ ಯಾರಿಗೂ ಅನುಮಾನ ಬರುವುದಿಲ್ಲ. ನಗರಸಭೆ ಚುನಾವಣೆ ಬಂದರೆ ಮಾತ್ರ ಪ್ರಶ್ನೆ ಶುರು. "ಕಂದಾಯ ಕಟ್ಟುವವರಿಗೆ ಮಾತ್ರ ಅಲ್ವಾ?" "ನಮ್ಮ ವೋಟು ಹಳ್ಳಿಯಲ್ಲಿದೆ, ಇಲ್ಲೂ ಹಾಕಬಹುದಾ?" "ಇಲ್ಲಿಗೆ ಬಂದು ಐದೇ ತಿಂಗಳಾಯಿತು, ಆಗುತ್ತಾ?" ನಲ್ಲಿಯಲ್ಲಿ ನೀರು ಬರದಿದ್ದರೆ ಕೊಡ ಹಿಡಿದು ಓಡುವವರು ಇವರು. ಚರಂಡಿ ಕಟ್ಟಿಕೊಂಡರೆ ವಾಸನೆ ಕುಡಿಯುವವರು ಇವರು. ಈ ಚುನಾವಣೆ ಎಲ್ಲರಿಗಿಂತ ಹತ್ತಿರ ಇರುವುದು ಇವರಿಗೇ. ಇವರೇ ದೂರ ನಿಂತರೆ ನನಗೆ ತುಂಬಾ ಬೇಜಾರಾಗುತ್ತದೆ. ಅದಕ್ಕೇ ಗೊತ್ತಿರುವುದನ್ನೆಲ್ಲ ಇಲ್ಲಿ ಬರೆಯುತ್ತಿದ್ದೇನೆ.

ಪಟ್ಟಣ ಪಂಚಾಯಿತಿ ಇರಲಿ, ಪುರಸಭೆ ಇರಲಿ, ನಗರಸಭೆ ಇರಲಿ, ಮಹಾನಗರ ಪಾಲಿಕೆ ಇರಲಿ, ಬೇಕಾಗಿರುವುದು ನಾಲ್ಕೇ ಸಂಗತಿ. ನೀವು ಭಾರತದ ಪ್ರಜೆ ಆಗಿರಬೇಕು. ನಿಮಗೆ 18 ತುಂಬಿರಬೇಕು. ಆ ವಾರ್ಡಿನಲ್ಲಿ ನೀವು ವಾಸ ಇರಬೇಕು. ಆ ವಾರ್ಡಿನ ಮತದಾರರ ಪಟ್ಟಿಯಲ್ಲಿ ನಿಮ್ಮ ಹೆಸರು ಇರಬೇಕು. ಸ್ವಂತ ಮನೆ ಬೇಕಿಲ್ಲ. ಖಾತೆ ಬೇಕಿಲ್ಲ. ಕಂದಾಯದ ರಸೀದಿ ಬೇಕಿಲ್ಲ. ಓದು ಬರಹ ಬರಬೇಕೆಂದಿಲ್ಲ. ಈ ಊರಲ್ಲೇ ಹುಟ್ಟಿರಬೇಕೆಂದೂ ಇಲ್ಲ.

"ಕಂದಾಯ ಕಟ್ಟುವವರಿಗೆ ಮಾತ್ರ" ಎಂಬ ಮಾತು ಸುಮ್ನೆ ಹುಟ್ಟಿದ್ದಲ್ಲ. ಬ್ರಿಟಿಷರ ಕಾಲದ ಮುನಿಸಿಪಾಲಿಟಿಗಳಲ್ಲಿ ಆಸ್ತಿ ಮತ್ತು ತೆರಿಗೆ ನೋಡಿಯೇ ವೋಟು ಕೊಡುತ್ತಿದ್ದರು. ಆ ಪದ್ಧತಿ ಹೋಗಿ ಎಷ್ಟೋ ಕಾಲವಾಯಿತು, ಮಾತು ಮಾತ್ರ ಜನರ ಬಾಯಲ್ಲಿ ಉಳಿದುಕೊಂಡಿದೆ. ಸಂವಿಧಾನದ 74ನೇ ತಿದ್ದುಪಡಿ 1993ರ ಜೂನ್ 1ರಿಂದ ಜಾರಿಗೆ ಬಂದಿದೆ. ಅದರ ಪ್ರಕಾರ ನಗರದ ಸ್ಥಳೀಯ ಸಂಸ್ಥೆಗಳ ಅವಧಿ ಐದು ವರ್ಷ. ಚುನಾವಣೆ ನಡೆಸುವುದು ರಾಜ್ಯ ಚುನಾವಣಾ ಆಯೋಗ. ಸದಸ್ಯರನ್ನು ವಾರ್ಡಿನ ಜನರೇ ನೇರವಾಗಿ ಆರಿಸುತ್ತಾರೆ. ವಾರ್ಡಿನ ಜನ ಅಂದರೆ ಮನೆ ಮಾಲೀಕರು ಮಾತ್ರ ಅಲ್ಲ.

ವಾಸ ಅಂದರೆ ಏನು

ಜಾಸ್ತಿ ಗೊಂದಲ ಆಗುವುದು ಇಲ್ಲೇ. ಕಾನೂನಿನಲ್ಲಿರುವ ಮಾತು "ಸಾಮಾನ್ಯವಾಗಿ ವಾಸ". ನಾನು ಮನೆಗಳಲ್ಲಿ ಹೀಗೆ ಕೇಳುತ್ತೇನೆ: "ನೀವು ರಾತ್ರಿ ಮಲಗುವುದು ಎಲ್ಲಿ? ಕೆಲಸಕ್ಕೆ ಹೋದವರು ಸಂಜೆ ವಾಪಸ್ ಬರುವುದು ಯಾವ ಮನೆಗೆ?" ಆ ಮನೆ ಯಾವ ವಾರ್ಡಿನಲ್ಲಿದೆಯೋ ವೋಟು ಅಲ್ಲಿ.

1950ರ ಜನಪ್ರತಿನಿಧಿ ಕಾಯ್ದೆ ಇದನ್ನು ಸ್ಪಷ್ಟವಾಗಿ ಹೇಳುತ್ತದೆ. ಒಂದು ಜಾಗದಲ್ಲಿ ಮನೆ ಇದೆ ಎಂಬ ಒಂದೇ ಕಾರಣಕ್ಕೆ ನೀವು ಅಲ್ಲಿಯ ನಿವಾಸಿ ಆಗುವುದಿಲ್ಲ. ಕೆಲವು ದಿನ ಬೇರೆ ಕಡೆ ಹೋದಿರಿ ಎಂಬ ಕಾರಣಕ್ಕೆ ನಿವಾಸಿ ಅಲ್ಲದೆಯೂ ಹೋಗುವುದಿಲ್ಲ. ಹಾಗಾಗಿ ಮನೆಗೆ ಬೀಗ ಹಾಕಿ ಬೆಂಗಳೂರಲ್ಲಿ ನೆಲೆಸಿರುವ ಮಾಲೀಕರ ವೋಟು ಬೆಂಗಳೂರಿನಲ್ಲಿ. ಅದೇ ಮನೆಯ ಔಟ್‌ಹೌಸಿನಲ್ಲಿ ಬಾಡಿಗೆಗೆ ಇರುವ ಗಾರೆ ಕೆಲಸದವರ ವೋಟು ನಮ್ಮ ವಾರ್ಡಿನಲ್ಲಿ. ಮಗಳ ಬಾಣಂತನಕ್ಕೆ ಮೂರು ತಿಂಗಳು ಹೋದ ಅಮ್ಮನ ಹೆಸರು ಇಲ್ಲೇ ಇರುತ್ತದೆ. ಊರಲ್ಲಿ ಅಂಗಡಿ ಇಟ್ಟುಕೊಂಡು ಪಕ್ಕದ ಹಳ್ಳಿಯಿಂದ ದಿನಾ ಓಡಾಡುವವರಿಗೆ ಟ್ರೇಡ್ ಲೈಸೆನ್ಸ್ ಇದ್ದರೂ ನಗರಸಭೆ ವೋಟು ಇಲ್ಲ. ಅವರ ವೋಟು ಹಳ್ಳಿಯ ಗ್ರಾಮ ಪಂಚಾಯಿತಿಗೆ.

ಇಷ್ಟು ತಿಂಗಳು ಇದ್ದಿರಲೇಬೇಕು ಎಂಬ ಲೆಕ್ಕ ಕಾಯ್ದೆಯಲ್ಲಿ ಇಲ್ಲ. ಆರು ತಿಂಗಳು ಆಗಬೇಕು ಎಂದು ಯಾರಾದರೂ ಹೇಳಿದರೆ ನಂಬಬೇಡಿ. ನಿಜವಾಗಿ ಮನೆ ಮಾಡಿಕೊಂಡು ಇದ್ದೀರಾ ಎನ್ನುವುದನ್ನಷ್ಟೇ ನೋಡುತ್ತೇವೆ.

ಬಾಡಿಗೆಯವರಿಗೆ ಇನ್ನೊಂದು ಕಷ್ಟ ಇದೆ. ಕೆಲವು ಮಾಲೀಕರು ತಮ್ಮ ಮನೆ ವಿಳಾಸಕ್ಕೆ ವೋಟರ್ ಐಡಿ ಮಾಡಿಸಬೇಡಿ ಎಂದು ಮೊದಲೇ ಹೇಳಿಬಿಡುತ್ತಾರೆ. ಮುಂದೆ ಮನೆ ತಮ್ಮದೇ ಅಂದುಬಿಟ್ಟರೆ ಎಂಬ ಭಯ. ವೋಟರ್ ಲಿಸ್ಟಿನಲ್ಲಿ ಹೆಸರು ಬಂದರೆ ಮನೆಯ ಮೇಲೆ ಯಾವ ಹಕ್ಕೂ ಬರುವುದಿಲ್ಲ. ನಾನು ಇದನ್ನು ಮಾಲೀಕರ ಮನೆ ಜಗಲಿಯಲ್ಲೇ ಕೂತು ವಿವರಿಸಿದ್ದೇನೆ. ಬಹಳ ಜನ ಒಪ್ಪಿದ್ದಾರೆ. ಒಪ್ಪದಿದ್ದರೂ ಪರವಾಗಿಲ್ಲ, ಹೆಸರು ಸೇರಿಸಲು ಮಾಲೀಕರ ಒಪ್ಪಿಗೆ ಬೇಕು ಎಂದು ಎಲ್ಲೂ ಇಲ್ಲ.

ಹಾಸ್ಟೆಲ್ ಮಕ್ಕಳಿಗೆ ಎರಡು ದಾರಿ ಇದೆ. ಅಪ್ಪ ಅಮ್ಮ ಇರುವ ಊರಲ್ಲೇ ಹೆಸರು ಇಟ್ಟುಕೊಳ್ಳಬಹುದು. ಇಲ್ಲವೇ ಹಾಸ್ಟೆಲ್ ಇರುವ ಜಾಗದಲ್ಲಿ ಸೇರಿಸಬಹುದು. ಹಾಸ್ಟೆಲ್ ವಿಳಾಸಕ್ಕೆ ಆದರೆ ಕಾಲೇಜಿನ ಮುಖ್ಯಸ್ಥರಿಂದ ಪತ್ರ ಬೇಕು. ಓದುತ್ತಿರುವ ಕೋರ್ಸ್ ಒಂದು ವರ್ಷಕ್ಕೆ ಕಡಿಮೆ ಇರಬಾರದು. ಎರಡರಲ್ಲಿ ಒಂದು ಮಾತ್ರ, ನೆನಪಿರಲಿ.

ಮನೆಯೇ ಇಲ್ಲದವರ ಕಥೆ ಏನು? ಅವರಿಗೂ ವೋಟು ಇದೆ. ವಿಳಾಸದ ದಾಖಲೆ ಕೂಡ ಬೇಕಿಲ್ಲ. ಅವರು ಅರ್ಜಿಯಲ್ಲಿ ಬರೆದ ಜಾಗದಲ್ಲಿ ನಿಜವಾಗಿ ಮಲಗುತ್ತಾರಾ ಎಂದು ಬಿಎಲ್‌ಒ ರಾತ್ರಿ ಹೋಗಿ ನೋಡಬೇಕು. ಒಂದು ರಾತ್ರಿ ನೋಡಿದರೆ ಸಾಲದು. ಬಸ್ ಸ್ಟ್ಯಾಂಡಿನಲ್ಲಿ ಚಪ್ಪಲಿ ಹೊಲಿಯುವ ಒಬ್ಬ ಅಜ್ಜನ ಅರ್ಜಿ ನನ್ನ ಕೈಗೆ ಬಂದಾಗ ನಮ್ಮ ಯಜಮಾನರನ್ನು ಕರೆದುಕೊಂಡು ರಾತ್ರಿ ಹತ್ತೂವರೆಗೆ ಹೋದೆ. ಕೊನೇ ಬಸ್ಸು ಹೋಗಿತ್ತು. ಅಜ್ಜ ಪಾರ್ಸೆಲ್ ಕೌಂಟರ್ ಪಕ್ಕದ ಗೋಡೆಗೆ ಒರಗಿ, ಗೋಣಿಚೀಲ ಹಾಸಿಕೊಂಡು, ತಲೆಗೆ ತನ್ನ ಹತಾರದ ಪೆಟ್ಟಿಗೆಯನ್ನೇ ಇಟ್ಟುಕೊಂಡಿತ್ತು. ನಮ್ಮನ್ನು ನೋಡಿ ಎಬ್ಬಿಸಿ ಕಳಿಸುವವರು ಅಂದುಕೊಂಡು ಗಡಬಡಿಸಿ ಎದ್ದಿತು. "ಏಳಬೇಡಿ ಅಜ್ಜ, ನೀವು ಇಲ್ಲೇ ಮಲಗ್ತೀರಾ ಅಂತ ನೋಡೋಕೆ ಬಂದೆ, ವೋಟಿಗೆ" ಅಂದೆ. ಮೂರು ದಿನ ಬಿಟ್ಟು ಮತ್ತೆ ಹೋದೆ. ಅದೇ ಗೋಡೆ, ಅದೇ ಪೆಟ್ಟಿಗೆ. ನನ್ನ ವರದಿಯಲ್ಲಿ ಜಾಗವನ್ನು ಹಾಗೇ ಬರೆದೆ. ಹೆಸರು ಬಂತು. ನಿಮ್ಮ ಬೀದಿಯಲ್ಲೂ ಇಂಥವರು ಯಾರಾದರೂ ಇದ್ದರೆ ಅರ್ಜಿ ತುಂಬಲು ಕೈಜೋಡಿಸಿ. ಅವರಾಗೇ ಬಂದು ಕೇಳುವುದಿಲ್ಲ.

ವಯಸ್ಸು

18 ತುಂಬಿದ ದಿನವೇ ಹೆಸರು ಬರುವುದಿಲ್ಲ. ವರ್ಷಕ್ಕೆ ನಾಲ್ಕು ಅರ್ಹತಾ ದಿನಗಳಿವೆ: ಜನವರಿ 1, ಏಪ್ರಿಲ್ 1, ಜುಲೈ 1, ಅಕ್ಟೋಬರ್ 1. ಮಾರ್ಚ್ 20ಕ್ಕೆ 18 ತುಂಬುವ ಹುಡುಗಿ ಏಪ್ರಿಲ್ 1ಕ್ಕೆ ಅರ್ಹಳು. ಏಪ್ರಿಲ್ 5ಕ್ಕೆ ತುಂಬುವವಳು ಜುಲೈ 1ರವರೆಗೆ ಕಾಯಬೇಕು. 2022ಕ್ಕೆ ಮೊದಲು ಜನವರಿ 1 ಒಂದೇ ಇತ್ತು. ಆಗ ಜನವರಿ 2ಕ್ಕೆ ಹುಟ್ಟಿದ ಮಕ್ಕಳು ಸುಮಾರು ಒಂದು ವರ್ಷ ಕಾಯಬೇಕಾಗಿತ್ತು. ಈಗ 17 ತುಂಬಿದವರು ಮುಂಚೆಯೇ ಅರ್ಜಿ ಕೊಟ್ಟಿಡಬಹುದು. ವಯಸ್ಸು ತುಂಬಿದ ಮೇಲೆ ಬರುವ ಅರ್ಹತಾ ದಿನಕ್ಕೆ ಅದನ್ನು ತೆಗೆದುಕೊಳ್ಳುತ್ತಾರೆ. ಪಿಯುಸಿ ಮಕ್ಕಳಿರುವ ಮನೆಗಳಲ್ಲಿ ನಾನು ಇದನ್ನು ಎರಡೆರಡು ಸಲ ಹೇಳುತ್ತೇನೆ.

ವೋಟು ಹಾಕಲು 18 ಸಾಕು. ಸದಸ್ಯರಾಗಲು ಚುನಾವಣೆಗೆ ನಿಲ್ಲಬೇಕಾದರೆ 21 ಆಗಿರಬೇಕು.

ಯಾರಿಗೆ ಇಲ್ಲ

ಭಾರತದ ಪ್ರಜೆ ಅಲ್ಲದವರಿಗೆ ಇಲ್ಲ. ಎಷ್ಟೇ ವರ್ಷ ಇಲ್ಲಿದ್ದರೂ, ತೆರಿಗೆ ಕಟ್ಟಿದರೂ ಇಲ್ಲ. ಬೇರೆ ದೇಶದ ಪೌರತ್ವ ತೆಗೆದುಕೊಂಡು, ಭಾರತ ಮೂಲದ ವಿದೇಶಿಯರಿಗೆ ಕೊಡುವ ಒಸಿಐ ಕಾರ್ಡ್ ಇಟ್ಟುಕೊಂಡವರು ಊರಿಗೆ ವಾಪಸ್ ಬಂದು ನೆಲೆಸಿದರೂ ಅವರಿಗೆ ವೋಟು ಬರುವುದಿಲ್ಲ. ಒಸಿಐ ಅಂದರೆ ಪೌರತ್ವ ಅಲ್ಲ. ಚುನಾವಣಾ ಅಕ್ರಮದ ಕಾರಣಕ್ಕೆ ಕಾನೂನು ಪ್ರಕಾರ ಅನರ್ಹರಾದವರಿಗೂ ಆ ಅವಧಿ ಮುಗಿಯುವವರೆಗೆ ಇಲ್ಲ. ಆದರೆ ಯಾರ ಮೇಲೋ ಒಂದು ಕೇಸ್ ಇದೆ ಎಂದ ಮಾತ್ರಕ್ಕೆ ಹೆಸರು ತೆಗೆಯುವ ಹಾಗಿಲ್ಲ.

ಮಾನಸಿಕ ಅಸ್ವಸ್ಥತೆ ಬಗ್ಗೆ ಸ್ವಲ್ಪ ಬಿಡಿಸಿ ಹೇಳಬೇಕು. ಕೆಲವು ಮನೆಗಳಲ್ಲಿ ಹೆಸರು ಓದುತ್ತಾ ಹೋದಾಗ ಒಬ್ಬರ ಹೆಸರು ಬಂದ ಕೂಡಲೇ, "ಅವನದು ಬಿಡಿ ಟೀಚರ್, ಅವನಿಗೆ ತಲೆ ಸರಿ ಇಲ್ಲ" ಅನ್ನುತ್ತಾರೆ. ಆ ವ್ಯಕ್ತಿ ಅಲ್ಲೇ ಬಾಗಿಲ ಹಿಂದೆ ನಿಂತು ಕೇಳಿಸಿಕೊಳ್ಳುತ್ತಿರುತ್ತಾನೆ. ಮನೆಯವರು ಹೇಳಿದರೆ ಹೆಸರು ಹೋಗುವುದಿಲ್ಲ. ಡಾಕ್ಟರ್ ಚೀಟಿ ತೋರಿಸಿದರೂ ಹೋಗುವುದಿಲ್ಲ. ಕೋರ್ಟು ವಿಚಾರಣೆ ಮಾಡಿ, ಈತ ಸ್ವಸ್ಥ ಮನಸ್ಸಿನವನಲ್ಲ ಎಂದು ಘೋಷಿಸಿರಬೇಕು. ನನ್ನ ಹನ್ನೊಂದು ವರ್ಷದ ಓಡಾಟದಲ್ಲಿ ಅಂಥ ಒಂದು ಆದೇಶವನ್ನೂ ನಾನು ನೋಡಿಲ್ಲ. ಮಾತ್ರೆ ತೆಗೆದುಕೊಳ್ಳುವವರು, ಬುದ್ಧಿ ಬೆಳವಣಿಗೆ ನಿಧಾನ ಇರುವವರು, ಮರೆವು ಬಂದ ಅಜ್ಜಿಯರು, ಇವರೆಲ್ಲ ಮತದಾರರೇ.

ಎರಡು ಕಡೆ ಹೆಸರು

ಪೇಟೆಯಲ್ಲಿ ಕೆಲಸ, ಹಳ್ಳಿಯಲ್ಲಿ ವೋಟು. ನಮ್ಮ ಕಡೆ ಇದು ಮಾಮೂಲು. ದಾಯಾದಿ ಯಾರೋ ಗ್ರಾಮ ಪಂಚಾಯಿತಿಗೆ ನಿಲ್ಲುತ್ತಾರೆ, ಅವರಿಗೆ ಒಂದು ವೋಟು ಬೇಕು. ಆದ್ದರಿಂದ ಹಳ್ಳಿ ಹೆಸರು ಬಿಡಲು ಮನಸ್ಸಿಲ್ಲ, ಇಲ್ಲಿ ನಗರಸಭೆಗೂ ಒಂದಿರಲಿ ಅನ್ನುತ್ತಾರೆ. ಆ ಆಸೆ ನನಗೆ ಅರ್ಥವಾಗುತ್ತದೆ, ಆದರೆ ಕಾನೂನು ಒಪ್ಪುವುದಿಲ್ಲ. ಒಬ್ಬರಿಗೆ ಒಂದೇ ಕಡೆ ಹೆಸರು. ಹೊಸ ಹೆಸರಿಗೆ ಅರ್ಜಿ ಕೊಡುವಾಗ ಬೇರೆಲ್ಲೂ ಹೆಸರಿಲ್ಲ ಎಂದು ನೀವೇ ಸಹಿ ಹಾಕಿ ಘೋಷಿಸುತ್ತೀರಿ. ಅದು ಸುಳ್ಳಾದರೆ ಒಂದು ವರ್ಷದವರೆಗೆ ಜೈಲು ಅಥವಾ ದಂಡ ಅಥವಾ ಎರಡೂ ಆಗಬಹುದು.

ಮದುವೆಯಾಗಿ ಬಂದ ಹೆಣ್ಣುಮಕ್ಕಳ ಹೆಸರು ತವರಿನಲ್ಲೇ ಉಳಿದಿರುವುದೂ ಬಹಳ. ಅವರು ಹೊಸ ಅರ್ಜಿ ಕೊಡಬಾರದು. ಹಳೇ ಹೆಸರನ್ನೇ ವರ್ಗ ಮಾಡಿಸಬೇಕು. ಅದಕ್ಕೆ ನಮೂನೆ 8 ಇದೆ, ಮುಂದೆ ಹೇಳುತ್ತೇನೆ.

ಊರ ಅಂಚಿನ ಹೊಸ ಬಡಾವಣೆಗಳಲ್ಲಿರುವವರು ಇನ್ನೊಂದು ವಿಷಯ ನೋಡಿಕೊಳ್ಳಬೇಕು. ಬಸ್ಸಿನ ಬೋರ್ಡಿನಲ್ಲಿ ನಮ್ಮ ಊರ ಹೆಸರೇ ಇರುತ್ತದೆ, ಪಿನ್ ಕೋಡ್ ಕೂಡ ಅದೇ. ಆದರೆ ಜಾಗ ಗ್ರಾಮ ಪಂಚಾಯಿತಿಗೆ ಸೇರಿರುತ್ತದೆ. ಮನೆ ಕಂದಾಯದ ರಸೀದಿ ಯಾರು ಕೊಟ್ಟಿದ್ದಾರೆ ನೋಡಿ. ಪಂಚಾಯಿತಿ ಕೊಟ್ಟಿದ್ದರೆ ನಿಮ್ಮ ವೋಟು ಪಂಚಾಯಿತಿಗೆ. ನಗರಸಭೆ ಗಡಿ ವಿಸ್ತರಿಸಿ ಆ ಜಾಗ ಒಳಗೆ ಬಂದ ಮೇಲೆ ಇಲ್ಲಿಗೆ ಬರುತ್ತದೆ.

ವಾರ್ಡು ತಪ್ಪಿದರೆ

ಇಡೀ ಬರಹದಲ್ಲಿ ಇದೊಂದನ್ನು ಓದಿದರೂ ಸಾಕು ಅನ್ನುವಷ್ಟು ಇದು ಮುಖ್ಯ.

ನನ್ನ ತಮ್ಮ 2017ರಲ್ಲಿ ಮನೆ ಬದಲಿಸಿದ. ಅದೇ ಊರು, ಒಂದು ತುದಿಯಿಂದ ಇನ್ನೊಂದು ತುದಿಗೆ. ಹೆಸರು ವರ್ಗ ಮಾಡಿಸು ಅಂದೆ. "ಒಂದೇ ಊರು ಅಲ್ವಾ ಅಕ್ಕ, ಏನಾಗುತ್ತೆ" ಅಂದ. 2018ರ ಮೇನಲ್ಲಿ ವಿಧಾನಸಭೆ ಚುನಾವಣೆ ಬಂತು. ಹಳೇ ಮನೆ ಹತ್ತಿರದ ಮತಗಟ್ಟೆಗೆ ಬೈಕಿನಲ್ಲಿ ಹೋಗಿ ವೋಟು ಹಾಕಿ ಬಂದ. ಕ್ಷೇತ್ರ ಒಂದೇ, ಶಾಸಕರು ಒಬ್ಬರೇ. ಅವನಿಗೆ ಯಾವ ವ್ಯತ್ಯಾಸವೂ ಕಾಣಲಿಲ್ಲ.

ಮೂರೂವರೆ ತಿಂಗಳಿಗೆ, ಆಗಸ್ಟ್ 31ಕ್ಕೆ, ನಗರಸಭೆ ಚುನಾವಣೆ. ಅವನ ಹೊಸ ಬೀದಿಯಲ್ಲಿ ಒಳಚರಂಡಿ ಉಕ್ಕಿ ಮನೆ ಮುಂದೆ ಹರಿಯುತ್ತಿತ್ತು. ಬೀದಿಯ ಜನ ಕೂಡಿ ಅಭ್ಯರ್ಥಿಗಳನ್ನು ನಿಲ್ಲಿಸಿಕೊಂಡು ಪ್ರಶ್ನೆ ಕೇಳಿದ್ದರು, ಅವನೇ ಮುಂದೆ ನಿಂತು ಕೇಳಿದ್ದ. ಮತದಾನದ ದಿನ ನೋಡಿದರೆ ಅವನ ಹೆಸರು ಹಳೇ ವಾರ್ಡಿನಲ್ಲಿ. ತನ್ನ ಬೀದಿಯ ಚರಂಡಿಗೆ ಸಂಬಂಧವೇ ಇಲ್ಲದ ವಾರ್ಡಿನ ಸದಸ್ಯರನ್ನು ಆರಿಸುವ ವೋಟು ಅವನ ಕೈಲಿತ್ತು. ಎಷ್ಟೋ ಕಾಲ ಅವನಿಗೆ ಆ ಕೊರಗು ಹೋಗಲಿಲ್ಲ.

ಶಾಸಕರ ಚುನಾವಣೆಯಲ್ಲಿ ವಿಳಾಸ ಸ್ವಲ್ಪ ಹಳೆಯದಾದರೂ ನಡೆದುಹೋಗುತ್ತದೆ. ನಗರಸಭೆಯಲ್ಲಿ ನಡೆಯುವುದಿಲ್ಲ. ಇಲ್ಲಿ ಎರಡು ಬೀದಿ ಆಚೆಗೆ ಹೋದರೂ ವಾರ್ಡು ಬದಲಾಗಬಹುದು. ಮನೆ ಬದಲಿಸಿದರೆ ಗ್ಯಾಸ್ ವಿಳಾಸ ಬದಲಿಸುವ ಹಾಗೆ ಇದನ್ನೂ ಬದಲಿಸಿ.

ಕೆಲವು ಸಲ ತಪ್ಪು ನಮ್ಮದಲ್ಲ, ಪಟ್ಟಿಯದು. ಇಷ್ಟು ವರ್ಷ ನಡೆದುಬಂದಿರುವ ಪದ್ಧತಿ ಹೀಗೆ: ವಿಧಾನಸಭೆಯ ಮತದಾರರ ಪಟ್ಟಿಯನ್ನೇ ಆಧಾರ ಮಾಡಿಕೊಂಡು, ಅದನ್ನು ವಾರ್ಡುಗಳಿಗೆ ಹಂಚುತ್ತಾರೆ. ವಿಧಾನಸಭೆ ಪಟ್ಟಿ 'ಭಾಗ'ಗಳಲ್ಲಿರುತ್ತದೆ. ಒಂದು ಭಾಗದ ಗಡಿ ಮತ್ತು ವಾರ್ಡಿನ ಗಡಿ ಸರಿಯಾಗಿ ಕೂಡುವುದಿಲ್ಲ. ಒಂದೇ ಭಾಗದ ಅರ್ಧ ಮನೆ ಈ ವಾರ್ಡಿಗೆ, ಅರ್ಧ ಮನೆ ಆ ವಾರ್ಡಿಗೆ ಹೋಗಬೇಕಾಗುತ್ತದೆ. ಹಂಚುವಾಗ ಕ್ರಮ ಸಂಖ್ಯೆ ಒಂದಿಷ್ಟು ಆಚೀಚೆ ಆದರೆ ಒಂದು ಸಾಲು ಮನೆಯೇ ಪಕ್ಕದ ವಾರ್ಡಿಗೆ ಹೋಗಿಬಿಡುತ್ತದೆ. ನನ್ನ ಭಾಗದಲ್ಲೂ ಒಮ್ಮೆ ಹೀಗಾಗಿತ್ತು. ಒಂದು ಅಡ್ಡರಸ್ತೆಯ ಎಡಗಡೆ ಮನೆಗಳೆಲ್ಲ ಬೇರೆ ವಾರ್ಡಿನಲ್ಲಿ ಬಂದವು. ಕರಡು ಪಟ್ಟಿ ನೋಟಿಸ್ ಬೋರ್ಡಿನಲ್ಲಿ ತೂಗುತ್ತಿದ್ದಾಗ ಆ ಬೀದಿಯವರು ಯಾರೂ ನೋಡಲಿಲ್ಲ. ಗೊತ್ತಾದಾಗ ದಿನ ಮೀರಿತ್ತು. ಆ ಐದು ವರ್ಷ ಅವರು ಒಂದು ಕಡೆ ವೋಟು ಹಾಕಿ ಇನ್ನೊಂದು ಕಡೆ ಬೀದಿ ದೀಪ ಕೇಳಿಕೊಂಡು ಓಡಾಡಿದರು.

ಆದ್ದರಿಂದ ಚುನಾವಣೆಗೆ ಮುಂಚೆ ವಾರ್ಡುವಾರು ಕರಡು ಪಟ್ಟಿ ಪ್ರಕಟವಾದ ಕೂಡಲೇ ಹೋಗಿ ನೋಡಿ. ನಗರಸಭೆ ಕಚೇರಿಯಲ್ಲಿ, ತಾಲ್ಲೂಕು ಕಚೇರಿಯಲ್ಲಿ ನೋಡಲು ಸಿಗುತ್ತದೆ. ನಿಮ್ಮ ಹೆಸರು ಮಾತ್ರ ನೋಡಿ ಬರಬೇಡಿ. ಎದುರು ಮನೆಯವರ, ಪಕ್ಕದ ಮನೆಯವರ ಹೆಸರೂ ಅದೇ ವಾರ್ಡಿನಲ್ಲಿದೆಯಾ ನೋಡಿ. ಅವರದು ಬೇರೆ ಕಡೆ ಇದ್ದರೆ ಯಾರದೋ ಒಂದು ತಪ್ಪಾಗಿದೆ ಎಂದು ಗೊತ್ತಾಗುತ್ತದೆ. ಆಕ್ಷೇಪಣೆಗೆ ಕೊಡುವ ಸಮಯ ಕಡಿಮೆ. ಬೀದಿಯವರು ಸೇರಿ ಒಂದೇ ಪತ್ರ ಬರೆದು ಮನೆ ನಂಬರ್ ಸಮೇತ ಕೊಟ್ಟು, ಸ್ವೀಕೃತಿ ಮುದ್ರೆ ಹಾಕಿಸಿಕೊಂಡು ಬನ್ನಿ.

2025ರ ಸೆಪ್ಟೆಂಬರಿನಲ್ಲಿ ರಾಜ್ಯ ಸಚಿವ ಸಂಪುಟ ಸ್ಥಳೀಯ ಸಂಸ್ಥೆಗಳ ಚುನಾವಣೆಗೆ ರಾಜ್ಯ ಚುನಾವಣಾ ಆಯೋಗವೇ ಬೇರೆ ಮತದಾರರ ಪಟ್ಟಿ ಮಾಡಲಿ ಎಂದು ಶಿಫಾರಸು ಮಾಡಿತು. ಪಟ್ಟಿ ಎಲ್ಲಿಂದ ಬಂದರೂ ನಿಮ್ಮ ಕೆಲಸ ಬದಲಾಗುವುದಿಲ್ಲ: ವಾರ್ಡಿನ ಕರಡು ಪಟ್ಟಿ ನೋಡುವುದು.

ಬೆಂಗಳೂರಿನವರು ಇನ್ನೂ ಹುಷಾರಾಗಿರಬೇಕು. 2015ರಲ್ಲಿ ಅಲ್ಲಿ ಚುನಾವಣೆ ನಡೆದಾಗ 198 ವಾರ್ಡುಗಳಿದ್ದವು. ಆಮೇಲೆ ಹೊಸ ಕಾಯ್ದೆ ಬಂದು 2025ರಲ್ಲಿ ನಗರ ಐದು ಪಾಲಿಕೆಗಳಾಯಿತು: ಕೇಂದ್ರ, ಉತ್ತರ, ದಕ್ಷಿಣ, ಪೂರ್ವ, ಪಶ್ಚಿಮ. ವಾರ್ಡುಗಳ ಗೆರೆಯನ್ನು ಹೊಸದಾಗಿ ಎಳೆದಿದ್ದಾರೆ. ಹಳೇ ವಾರ್ಡ್ ನಂಬರನ್ನು ಮರೆತುಬಿಡಿ.

ಅರ್ಜಿ ಹೇಗೆ ಕೊಡುವುದು

ಮೊದಲು ಹೆಸರು ಇದೆಯಾ ನೋಡಿ. ಕೈಯಲ್ಲಿ ಕಾರ್ಡು ಇದ್ದರೆ ಪಟ್ಟಿಯಲ್ಲಿ ಹೆಸರು ಇದೆ ಎಂದು ಅರ್ಥವಲ್ಲ. ಇದನ್ನು ನಾನು ಎಷ್ಟು ಸಲ ಹೇಳಿದರೂ ಕಡಿಮೆಯೇ. ಕಾರ್ಡು ನಿಮ್ಮ ಗುರುತು ಅಷ್ಟೇ. ವೋಟು ಇರುವುದು ಪಟ್ಟಿಯಲ್ಲಿ. ಚುನಾವಣಾ ಆಯೋಗದ ಮತದಾರರ ಪೋರ್ಟಲ್‌ನಲ್ಲಿ ಕಾರ್ಡ್ ನಂಬರ್ ಹಾಕಿದರೆ ಭಾಗ ಸಂಖ್ಯೆ, ಕ್ರಮ ಸಂಖ್ಯೆ ಬರುತ್ತದೆ. ಅದನ್ನು ಬರೆದಿಟ್ಟುಕೊಳ್ಳಿ. ಇಂಟರ್ನೆಟ್ ಬಳಸದವರು 1950ಕ್ಕೆ ಕರೆ ಮಾಡಬಹುದು, ಇಲ್ಲವೇ ನನ್ನಂಥ ಬಿಎಲ್‌ಒ ಹತ್ತಿರ ಕೇಳಬಹುದು.

ಹೆಸರೇ ಇಲ್ಲ ಅಂದರೆ ನಮೂನೆ 6. ಹೆಸರು ಬೇರೆ ವಿಳಾಸದಲ್ಲಿದೆ, ಇಲ್ಲಿಗೆ ತರಬೇಕು ಅಂದರೆ ನಮೂನೆ 8. ಹೆಸರಿನಲ್ಲಿ ಅಕ್ಷರ ತಪ್ಪು, ಕಾರ್ಡು ಕಳೆದಿದೆ, ಅಂಗವೈಕಲ್ಯ ನಮೂದಿಸಬೇಕು, ಇವಕ್ಕೂ 8. ಮನೆಯಲ್ಲಿ ತೀರಿಕೊಂಡವರ ಹೆಸರು ತೆಗೆಸಲು ನಮೂನೆ 7. ಇದನ್ನು ತುಂಬಲು ಯಾರಿಗೂ ಮನಸ್ಸು ಬರುವುದಿಲ್ಲ, ನಾನೇ ಪಕ್ಕದಲ್ಲಿ ಕೂತು ತುಂಬಿಸುತ್ತೇನೆ. ಯಾವುದಕ್ಕೂ ಶುಲ್ಕ ಇಲ್ಲ. ದುಡ್ಡು ಕೇಳಿದರೆ ಕೊಡಬೇಡಿ.

ವಯಸ್ಸಿಗೆ ಆಧಾರ್, ಎಸ್‌ಎಸ್‌ಎಲ್‌ಸಿ ಅಂಕಪಟ್ಟಿ, ಜನನ ಪತ್ರ, ಪ್ಯಾನ್, ಡಿಎಲ್, ಇವುಗಳಲ್ಲಿ ಒಂದು ಸಾಕು. ವಿಳಾಸಕ್ಕೆ ಕರೆಂಟ್ ಬಿಲ್, ನೀರಿನ ಬಿಲ್, ಗ್ಯಾಸ್ ಬಿಲ್, ಬ್ಯಾಂಕ್ ಪಾಸ್‌ಬುಕ್, ಆಧಾರ್, ಪಾಸ್‌ಪೋರ್ಟ್ ನಡೆಯುತ್ತವೆ. ಬಾಡಿಗೆ ಕರಾರು ಕೂಡ ನಡೆಯುತ್ತದೆ, ಆದರೆ ನೋಂದಣಿ ಆಗಿರಬೇಕು. ನಮ್ಮ ಊರಲ್ಲಿ ಹನ್ನೊಂದು ತಿಂಗಳ ಕರಾರನ್ನು ಛಾಪಾ ಕಾಗದದ ಮೇಲೆ ಬರೆದು ಇಟ್ಟುಕೊಳ್ಳುವುದೇ ವಾಡಿಕೆ. ಅದು ಇಲ್ಲಿ ಉಪಯೋಗಕ್ಕೆ ಬರುವುದಿಲ್ಲ. ಬಾಡಿಗೆಯವರಿಗೆ ಸುಲಭದ ದಾರಿ ಅಂದರೆ ಪಾಸ್‌ಬುಕ್ಕಿನ ವಿಳಾಸವನ್ನು ಮೊದಲು ಬದಲಿಸಿಕೊಳ್ಳುವುದು. ಯಾವ ದಾಖಲೆಯೂ ಇಲ್ಲದಿದ್ದರೂ ಅರ್ಜಿ ಕೊಡಿ. ಆಗ ಬಿಎಲ್‌ಒ ಮನೆಗೆ ಬಂದು ಪರಿಶೀಲನೆ ಮಾಡಲೇಬೇಕು.

ನಾವು ಬಂದಾಗ ಮನೆಯಲ್ಲಿ ಯಾರಾದರೂ ಇರಿ. ಶಾಲೆ ಮುಗಿಸಿ ಬರುವುದರಿಂದ ನಾನು ಸಂಜೆ ನಾಲ್ಕೂವರೆ ಮೇಲೆ ಬರುತ್ತೇನೆ, ಇಲ್ಲ ಭಾನುವಾರ. ಎರಡು ಸಲ ಬಂದಾಗಲೂ ಬೀಗ ಇದ್ದರೆ ವರದಿ ಬರೆಯುವುದು ಕಷ್ಟ. ಪಕ್ಕದ ಮನೆಯವರಿಗೆ ಒಂದು ಮಾತು ಹೇಳಿಟ್ಟಿದ್ದರೂ ಆಗುತ್ತದೆ. ಅರ್ಜಿಯಲ್ಲಿ ನಿಮ್ಮ ಫೋನ್ ನಂಬರ್ ಸರಿಯಾಗಿ ಬರೆಯಿರಿ. ಅಂಗಡಿಯವರ ನಂಬರ್ ಬರೆದು ಬರುವ ಅರ್ಜಿಗಳು ಎಷ್ಟೋ ಇರುತ್ತವೆ.

ಅರ್ಜಿ ತಿರಸ್ಕಾರವಾದರೆ ಕಾರಣ ಕೇಳಿ ತಿಳಿದುಕೊಳ್ಳಿ. ಆದೇಶವಾದ 15 ದಿನದ ಒಳಗೆ ಜಿಲ್ಲಾಧಿಕಾರಿಗೆ ಮೇಲ್ಮನವಿ ಕೊಡಬಹುದು. ಅಲ್ಲೂ ಆಗದಿದ್ದರೆ 30 ದಿನದ ಒಳಗೆ ರಾಜ್ಯದ ಮುಖ್ಯ ಚುನಾವಣಾಧಿಕಾರಿಗೆ.

ಒಂದು ಕೋರಿಕೆ. ಚುನಾವಣೆ ದಿನಾಂಕ ಪ್ರಕಟವಾಗಲಿ ಎಂದು ಕಾಯಬೇಡಿ. ಹೆಸರು ಸೇರಿಸುವ ಅರ್ಜಿ ಬಂದರೆ ಆಕ್ಷೇಪಣೆಗೆ ಏಳು ದಿನ ಬಿಡಬೇಕು, ಆಮೇಲೆ ಪರಿಶೀಲನೆ, ಆಮೇಲೆ ಆದೇಶ. ದಿನಾಂಕ ಬಂದ ಮೇಲೆ ಓಡಿ ಬಂದವರಿಗೆ "ಈ ಸಲ ಆಗಲ್ಲಮ್ಮ" ಎಂದು ಹೇಳುವಾಗ ನನಗೆ ಅವರ ಮುಖ ನೋಡಲು ಆಗುವುದಿಲ್ಲ.

ಮತದಾನದ ದಿನ

ವೋಟರ್ ಕಾರ್ಡ್ ಸಿಗದಿದ್ದರೆ ಮನೆಯಲ್ಲಿ ಕೂರಬೇಡಿ. ಪಟ್ಟಿಯಲ್ಲಿ ಹೆಸರಿದ್ದರೆ ಆಧಾರ್, ಡಿಎಲ್, ಪ್ಯಾನ್, ಪಾಸ್‌ಪೋರ್ಟ್, ಇಂಥ ಫೋಟೋ ಇರುವ ಗುರುತಿನ ದಾಖಲೆಗಳನ್ನು ಒಪ್ಪುತ್ತಾರೆ. ಆಯಾ ಚುನಾವಣೆಗೆ ಯಾವುದೆಲ್ಲ ನಡೆಯುತ್ತದೆ ಎಂದು ಆಯೋಗ ಮುಂಚೆಯೇ ತಿಳಿಸುತ್ತದೆ. ಮತಗಟ್ಟೆ ವಿಧಾನಸಭೆ ಸಲದ್ದೇ ಇರುತ್ತದೆ ಎಂದುಕೊಳ್ಳಬೇಡಿ, ವಾರ್ಡಿನ ಪಟ್ಟಿ ನೋಡಿ ಕೊಠಡಿ ನಂಬರ್ ತಿಳಿದುಕೊಂಡು ಹೋಗಿ.

ನಗರಸಭೆ ಅಧ್ಯಕ್ಷರನ್ನು ನೀವು ನೇರವಾಗಿ ಆರಿಸುವುದಿಲ್ಲ. ಗೆದ್ದ ಸದಸ್ಯರು ಸೇರಿ ತಮ್ಮೊಳಗೆ ಒಬ್ಬರನ್ನು ಆರಿಸುತ್ತಾರೆ. ಆ ಸಭೆಯಲ್ಲಿ ಕ್ಷೇತ್ರದ ಶಾಸಕರಿಗೂ ಸಂಸದರಿಗೂ ವೋಟು ಇದೆ. ಸರ್ಕಾರ ನಾಮಕರಣ ಮಾಡಿದ ಸದಸ್ಯರಿಗೆ ಇಲ್ಲ.

ನೀವು ಹೋಗುವಷ್ಟರಲ್ಲಿ ನಿಮ್ಮ ಹೆಸರಲ್ಲಿ ಬೇರೆ ಯಾರೋ ವೋಟು ಹಾಕಿಬಿಟ್ಟಿದ್ದರೆ, "ಆಗಿಹೋಯಿತು" ಎಂದು ವಾಪಸ್ ಬರಬೇಡಿ. ಒಳಗೆ ಮತಗಟ್ಟೆ ಅಧ್ಯಕ್ಷಾಧಿಕಾರಿ ಇರುತ್ತಾರೆ. ಅವರ ಹತ್ತಿರ ಹೋಗಿ, ಗುರುತಿನ ದಾಖಲೆ ತೋರಿಸಿ, ಟೆಂಡರ್ ವೋಟು ಬೇಕು ಎಂದು ಕೇಳಿ. ನೀವು ನಿಜವಾದ ಮತದಾರರು ಎಂದು ಅವರಿಗೆ ಖಚಿತವಾದರೆ ಬೇರೆ ಮತಪತ್ರ ಕೊಡುತ್ತಾರೆ, ಅದನ್ನು ಬೇರೆ ಲಕೋಟೆಯಲ್ಲಿ ಇಡುತ್ತಾರೆ. ಬೆರಳಿಗೆ ಶಾಯಿ ಹಾಕಿಸಿಕೊಂಡು, ಟೆಂಡರ್ ವೋಟುಗಳ ಪಟ್ಟಿಯಲ್ಲಿ ನಿಮ್ಮ ಸಹಿ ಬಿದ್ದ ಮೇಲೆಯೇ ಹೊರಗೆ ಬನ್ನಿ.